‘ಬಂದೀತು’ ಅನ್ನೋದನ್ನ ಪಂಜಾಬಿಯಿಂದ ನೆನಪು ಮಾಡಿಕೊಳ್ಳೋಣ

ಇಫ್-ಎಲ್ಸ್ ನಮಗೆಲ್ಲ ಬಾಯಿಪಾಠ. ಷರತ್ತು ನಿಜವಾದ್ರೆ ಇದು, ಸುಳ್ಳಾದ್ರೆ ಅದು. ಕಂಪ್ಯೂಟರಿಗೆ ಅಷ್ಟು ಸಾಕು. ಆದರೆ ಮನುಷ್ಯರು ‘ಹೀಗಾದರೆ’ ಅಂದಾಗ ಷರತ್ತಿನ ಜೊತೆ ಇನ್ನೊಂದನ್ನೂ ಹೇಳ್ತಾರೆ: ಅದು ಆಗುತ್ತೆ ಅಂತ ಅವರಿಗೆ ಎಷ್ಟು ನಂಬಿಕೆ ಇದೆ ಅನ್ನೋದು. ಇದನ್ನ ಅಚ್ಚುಕಟ್ಟಾಗಿ ತೋರಿಸೋ ಭಾಷೆ ಪಂಜಾಬಿ.

ಅಲ್ಲಿ ‘ಜೇ’ ಅಂದ್ರೆ ಒಂದು ವೇಳೆ, ‘ತಾಂ’ ಅಂದ್ರೆ ಆಗ. ‘ಮೀಂಹ್’ ಮಳೆ, ‘ಕಣಕ್’ ಗೋಧಿ. ಪಂಜಾಬಿನಲ್ಲಿ ಏಪ್ರಿಲ್ ಗೋಧಿ ಕೊಯ್ಲಿನ ಕಾಲ. ಆಗ ಜೋರು ಮಳೆ ಬಂದರೆ ನಿಂತ ಬೆಳೆ ಹಾಳು. ಈಗ ಈ ಮೂರು ವಾಕ್ಯ ನೋಡಿ:

ಜೇ ಮೀಂಹ್ ನಾ ಪಿಆ ತಾಂ ಕಣಕ್ ಬಚ್ ಜಾವೇಗೀ.
ಜೇ ಮೀಂಹ್ ನಾ ಪವೇ ತಾಂ ಕಣಕ್ ಬಚ್ ಜಾವೇ.
ಜೇ ಮೀಂಹ್ ನಾ ಪೈಂದಾ ತಾಂ ಕಣಕ್ ಬಚ್ ಜಾಂದೀ.

ಬದಲಾಗಿದ್ದು ಕ್ರಿಯಾಪದದ ರೂಪ ಮಾತ್ರ. ಮೊದಲನೇ ರೈತನಿಗೆ ಭರವಸೆ ಇದೆ: ಮಳೆ ಬರದಿದ್ರೆ ಗೋಧಿ ಉಳಿಯುತ್ತೆ. ಎರಡನೆಯವನು ಆಸೆ-ಅನುಮಾನದ ಮಧ್ಯೆ ಇದ್ದಾನೆ. ಮೂರನೆಯವನ ಬೆಳೆ ಆಗಲೇ ಹೋಗಿದೆ: ಮಳೆ ಬರದೇ ಇದ್ದಿದ್ರೆ ಉಳೀತಿತ್ತು. ಹೋಗಿದೆ ಅಂತ ಅವನು ಬಾಯಿಬಿಟ್ಟು ಹೇಳಲೇ ಇಲ್ಲ, ಕ್ರಿಯಾಪದವೇ ಹೇಳಿತು.

ಎರಡನೇ ವಾಕ್ಯದ ರೂಪಕ್ಕೆ ಬೇರೆ ಕೆಲಸಗಳೂ ಇವೆ. ‘ಮೈಂ ಜಾವಾಂ?’ ಅಂದ್ರೆ ‘ನಾನು ಹೋಗ್ಲಾ?’ ‘ರಬ್ ಭಲಾ ಕರೇ’ ಅಂದ್ರೆ ‘ದೇವರು ಒಳ್ಳೇದು ಮಾಡಲಿ’. ಅನುಮತಿ, ಹಾರೈಕೆ, ಅನುಮಾನ, ಎಲ್ಲಕ್ಕೂ ಒಂದೇ ರೂಪ. ‘ಜಾವೇಗೀ’ ಬಿಡಿಸಿದರೂ ಒಳಗೆ ಅದೇ ‘ಜಾವೇ’ ಸಿಗುತ್ತೆ. ‘ಗೀ’ ಸೇರಿಸಿದ ಮೇಲೇ ಅದು ಭವಿಷ್ಯತ್ಕಾಲ.

ಕನ್ನಡದಲ್ಲಿ ಈ ಎರಡನೇ ವಾಕ್ಯ ಹೇಗೆ ಹೇಳ್ತೀವಿ? ‘ಮಳೆ ಬರದಿದ್ದರೆ ಗೋಧಿ ಉಳಿದೀತು.’ ನಮ್ಮ ಅಜ್ಜ-ಅಜ್ಜಿಯರು ಸಲೀಸಾಗಿ ಆಡೋ ‘ಬಂದೀತು’, ‘ಆದೀತು’, ‘ಹುಷಾರು, ಬಿದ್ದೀಯ!’ ಎಲ್ಲ ಇದೇ ಜಾತಿ. ಶಾಲೆಯ ವ್ಯಾಕರಣದಲ್ಲಿ ಇದರ ಹೆಸರು ಸಂಭಾವನಾರ್ಥಕ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಾವು ಅದನ್ನ ಪರೀಕ್ಷೆಗೆ ಬರೆದು ಅಲ್ಲೇ ಬಿಟ್ಟಿದೀವಿ. ಈಗ ನಮ್ಮ ಬಾಯಲ್ಲಿ ಬರೋದು ‘ಉಳಿಯೋ ಚಾನ್ಸ್ ಇದೆ’.

‘ಬರಬಹುದು’ ಇದೆಯಲ್ಲ, ಸಾಲದಾ ಅಂತ ಕೇಳಬಹುದು. ಸಾಲದು. ‘ಅವನು ಒಳಗೆ ಬರಬಹುದು’ ಅಂದ್ರೆ ಅನುಮತಿಯೋ ಊಹೆಯೋ? ಸಂದರ್ಭ ನೋಡಿಯೇ ಹೇಳಬೇಕು. ‘ಬಂದಾನು’ ಅಂದ್ರೆ ಆ ಗೊಂದಲವೇ ಇಲ್ಲ, ಅದು ಊಹೆಯೇ. ಇಷ್ಟು ಚೂಪಾದ ಸಾಧನ ಕೈಯಲ್ಲಿದ್ದೂ ಬಳಸದೇ ಇದ್ರೆ ನಷ್ಟ ನಮಗೇ.

ಇನ್ನೊಂದು ಮಾತು. ಹಾಸ್ಟೆಲ್‌ನಲ್ಲಿರೋ ಉತ್ತರದ ಗೆಳೆಯರಿಗೆ ಕನ್ನಡ ಕಲಿಸುವಾಗ ನಾವು ಎಲ್ಲವನ್ನೂ ಇಂಗ್ಲಿಷ್ ಮೂಲಕವೇ ದಾಟಿಸ್ತೀವಿ. ‘ಬಂದರೆ’ ಅನ್ನೋದರೊಳಗೆ ಭೂತಕಾಲದ ‘ಬಂದ’ ಯಾಕಿದೆ ಅಂತ ಪಂಜಾಬಿ ಹುಡುಗನಿಗೆ ಇಂಗ್ಲಿಷ್‌ನಲ್ಲಿ ವಿವರಿಸೋದು ಕಷ್ಟ. ‘ನಿಮ್ಮ ಜೇ ಪಿಆ ಥರಾನೇ’ ಅಂದ್ರೆ ಮುಗೀತು; ‘ಪಿಆ’ ಕೂಡ ‘ಬಿತ್ತು’ ಅನ್ನೋ ಭೂತಕಾಲವೇ. ಭಾಷಾಕುಟುಂಬ ಬೇರೆ ಆದ್ರೂ ಇಲ್ಲಿ ಎರಡೂ ಒಂದೇ ದಾರಿ ಹಿಡಿದಿವೆ.

ಹಾಗಾಗಿ ಮುಂದಿನ ಕನ್ನಡ ಕಲಿಕೆ ಕ್ಲಾಸಲ್ಲಿ ಮೊದಲು ಅವರ ಭಾಷೆಯ ಮೂರು ವಾಕ್ಯ ಕೇಳೋಣ, ಪಕ್ಕದಲ್ಲಿ ನಮ್ಮ ಮೂರು ಬರೆಯೋಣ. ಅವರಿಗೆ ಕನ್ನಡ ಬಂದೀತು. ನಮಗೂ ಇನ್ನಷ್ಟು ಬಂದೀತು.