ಮಿಸೂರಿಯ ಮೀನೂ ಕಾವೇರಿಯ ಮೀನೂ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲೊಂದಾದ ಮಿಸೂರಿಯಲ್ಲಿ ಕಾಡು, ವನ್ಯಮೃಗ, ಮೀನು ಇವು ಮೂರನ್ನೂ ಒಂದೇ ಇಲಾಖೆಯ ವಶಕ್ಕೆ ಕೊಟ್ಟು, ಆ ಇಲಾಖೆಯು ರಾಜಕೀಯ ಪಕ್ಷಗಳ ಕೈಗೊಂಬೆಯಾಗದಂತೆ ಏರ್ಪಡಿಸಿದವರು ಅಲ್ಲಿನ ಮತದಾರರೇ ಎಂಬುದು ನಮ್ಮ ಅಧಿಕಾರಿವರ್ಗದವರು ಅವಶ್ಯವಾಗಿ ಗಮನಿಸತಕ್ಕ ವಿಷಯವಾಗಿದೆ. 1925ರ ಅಂದಾಜಿನಂತೆ ಆ ಸಂಸ್ಥಾನದಲ್ಲಿ ಉಳಿದಿದ್ದ ಜಿಂಕೆಗಳು ನಾನೂರಕ್ಕಿಂತ ಕಡಮೆ. 1936ರಲ್ಲಿ ಪ್ರಜೆಗಳು ರಾಜ್ಯಾಂಗಕ್ಕೇ ತಿದ್ದುಪಡಿ ತಂದು ನಾಲ್ವರು ಸದಸ್ಯರ ಆಯೋಗವನ್ನು ನಿರ್ಮಿಸಿದರು. ಸದಸ್ಯರಿಗೆ ಸಂಬಳವಿಲ್ಲ, ಅವಧಿ ಆರು ವರ್ಷ, ಒಂದೇ ಪಕ್ಷದವರು ಇಬ್ಬರಿಗಿಂತ ಹೆಚ್ಚಿರಕೂಡದು. ಕೆಲವು ವರ್ಷ ಜಿಂಕೆಯ ಬೇಟೆಯನ್ನು ನಿಲ್ಲಿಸಿ, 1944ರಲ್ಲಿ ಮಿತಿಯಿಟ್ಟು ಪುನಃ ತೆರೆದರು. ಇಂದು ಅಲ್ಲಿ ಜಿಂಕೆಗಳ ಸಂಖ್ಯೆ ಹತ್ತು ಲಕ್ಷವನ್ನು ಮೀರಿದೆ.

ಇನ್ನು ಹಣದ ಮಾತು. ಬೇಟೆಯವರ ಮತ್ತು ಗಾಳದವರ ಪರವಾನಗಿ ಶುಲ್ಕವನ್ನೇ ನಂಬಿದ ಇಲಾಖೆಯು ಬೇಟೆಯ ಮೃಗವನ್ನೂ ಗಾಳಕ್ಕೆ ಬೀಳುವ ಮೀನನ್ನೂ ಮಾತ್ರ ಕಾಯುವುದು ಸ್ವಾಭಾವಿಕ. ಯಾರಿಗೂ ಬೇಡವಾದ ಕಪ್ಪೆಯನ್ನು ಕೇಳುವವರಿಲ್ಲ. ಇದನ್ನರಿತೇ 1976ರಲ್ಲಿ ಮಿಸೂರಿಯವರು ಮತ ಹಾಕಿ ತಮ್ಮ ಮೇಲೆ ತಾವೇ ಒಂದು ಮಾರಾಟ ತೆರಿಗೆಯನ್ನು ವಿಧಿಸಿಕೊಂಡರು. ಶೇಕಡ ಒಂದರ ಎಂಟನೆಯ ಒಂದು ಪಾಲು, ಅಂದರೆ ನಮ್ಮ ಲೆಕ್ಕದಲ್ಲಿ 800 ರೂಪಾಯಿನ ವ್ಯಾಪಾರಕ್ಕೆ ಒಂದು ರೂಪಾಯಿ. ಬಂದೂಕು ಹಿಡಿಯದವನು ಇದನ್ನೇಕೆ ತೆರಬೇಕೆಂಬ ಆಕ್ಷೇಪಣೆಯುಂಟು. ಹೊಳೆಯೂ ಕಾಡೂ ಅವನವೂ ಅಲ್ಲವೆ? ತೆರಿಗೆ ತೆತ್ತವನಾದುದರಿಂದಲೇ ಅವನು ಇಲಾಖೆಯ ಲೆಕ್ಕ ಕೇಳಬಲ್ಲನು. ಅಲ್ಲಿನ ಭೂಮಿಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕದ್ದು ಖಾಸಗಿಯವರದಾದುದರಿಂದ ಇಲಾಖೆಯವರು ರೈತರ ಬಾಗಿಲಿಗೇ ಹೋಗಿ ಸಲಹೆ ಸಹಾಯಗಳನ್ನು ಕೊಡಬೇಕಾಗಿದೆ.

ಆದರೆ ಎಲ್ಲವೂ ಗೆಲವಲ್ಲ. ಓಸೇಜ್ ನದಿಯಲ್ಲಿ ದೋಣಿಯ ಹುಟ್ಟಿನಂಥ ಚಪ್ಪಟೆ ಮೂತಿಯುಳ್ಳ ಪ್ಯಾಡಲ್‌ಫಿಷ್ ಎಂಬ ಪುರಾತನ ಜಾತಿಯ ಮೀನುಂಟು. 1979ರಲ್ಲಿ ಟ್ರೂಮನ್ ಅಣೆಕಟ್ಟು ಮುಗಿದು, ಅದು ಮೊಟ್ಟೆಯಿಡುತ್ತಿದ್ದ ಗರಸು ನೆಲೆಗಳು ನೀರಿನಲ್ಲಿ ಮುಳುಗಿದುವು. ಅಂದಿನಿಂದ ಇಲಾಖೆಯವರು ಮರಿಗಳನ್ನು ಕೊಳಗಳಲ್ಲಿ ಸಾಕಿ ಜಲಾಶಯಗಳಿಗೆ ಬಿಡುತ್ತಿದ್ದಾರೆ. ವಸಂತದಲ್ಲಿ ಜನರು ಹಿಡಿಯುತ್ತಿದ್ದಾರೆ. ಸಾಕುವ ಕೈ ನಿಂತರೆ ಮೀನೂ ನಿಂತೀತು. ಆದರೂ ಅವರು ಬಿಡುತ್ತಿರುವುದು ಆ ನದಿಯ ಮೀನನ್ನೇ ಎಂಬುದನ್ನು ಮರೆಯಲಾಗದು.

ನಮ್ಮ ಕಾವೇರಿಯಲ್ಲಿ ಆದುದೇನು? ಲೋಣಾವಳದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಸೀರ್ ತಳಿಯನ್ನು ಸದುದ್ದೇಶದಿಂದಲೇ ತಂದು ಬಿಟ್ಟರು. ಅದು ಹೆಚ್ಚಿತು, ಈ ನದಿಗೇ ವಿಶಿಷ್ಟವಾದ, ಬೆನ್ನಿನಲ್ಲಿ ಡುಬ್ಬವುಳ್ಳ ಮಹಸೀರು ಕುಗ್ಗಿತು. ಈ ಸಂಗತಿ ಬೆಳಕಿಗೆ ಬಂದುದು ಬಹುಮಟ್ಟಿಗೆ ಗಾಲಿಬೋರೆ ಶಿಬಿರದಲ್ಲಿ ಗಾಳ ಹಾಕಿ ಹಿಡಿದು ಮರಳಿ ಬಿಡುತ್ತಿದ್ದವರ 1998ರಿಂದ 2012ರವರೆಗಿನ ದಾಖಲೆಗಳಿಂದ. ಬಳಿಕ ಅಭಯಾರಣ್ಯದ ಕಾನೂನಿನ ಕಾರಣ ಗಾಳದ ಶಿಬಿರಗಳು ನಿಂತುವು. ಅವುಗಳೊಡನೆ ಆ ಲೆಕ್ಕವೂ ನಿಂತಿತು, ಹೊಳೆಯ ದಂಡೆಯಲ್ಲಿ ಕಾವಲಿದ್ದ ಊರವರ ಜೀವನೋಪಾಯವೂ ಹೋಯಿತು. 2018ರಲ್ಲಿ ಈ ಮೀನಿಗೆ ಶಾಸ್ತ್ರೀಯ ನಾಮಧೇಯವು ನಿಶ್ಚಿತವಾದಾಗ, ಅದು ಅತ್ಯಂತ ಅಪಾಯಕ್ಕೊಳಗಾದ ಜಾತಿಗಳ ಪಟ್ಟಿಗೂ ಸೇರಿತು.

ಕಾಡು ಅರಣ್ಯ ಇಲಾಖೆಯದು, ಮೀನುಗಾರಿಕೆಗೆ ಬೇರೆ ಇಲಾಖೆ, ವಿಹಾರಕ್ಕೆ ಜಂಗಲ್ ಲಾಡ್ಜಸ್ ಎಂಬ ಮತ್ತೊಂದು ಸರ್ಕಾರಿ ಸಂಸ್ಥೆ. ಕಡತವು ಮೂರು ಮೇಜುಗಳನ್ನು ಸುತ್ತುವಷ್ಟರಲ್ಲಿ ಮೀನು ಉಳಿದಿರುವುದೆ? ಮಿಸೂರಿಯ ಆಯೋಗವನ್ನೇ ಇಲ್ಲಿ ನೆಡಬೇಕೆಂದು ನಾವು ಹೇಳುವವರಲ್ಲ. ಬೇಟೆಯು ನಮ್ಮಲ್ಲಿ ನಿಷಿದ್ಧ, ಅದು ಯುಕ್ತವೂ ಹೌದು. ಕಾವೇರಿಯ ಈ ಒಂದು ಮೀನಿಗೆ ಉತ್ತರವಾದಿಯಾದ ಅಧಿಕಾರಿ ಯಾರು, ಅವರ ಕೈಯಲ್ಲಿ ಹಣವೆಷ್ಟು, ಪ್ರತಿವರ್ಷ ಅದರ ಎಣಿಕೆಯನ್ನು ಪ್ರಕಟಿಸುವವರು ಯಾರು ಎಂಬುದನ್ನು ಸರ್ಕಾರದವರು ಮುಂದಿನ ಆಯವ್ಯಯದ ಅಧಿವೇಶನದಲ್ಲಿ ಸ್ಪಷ್ಟಪಡಿಸಬೇಕೆಂದು ಮಾತ್ರ ಕೇಳುತ್ತೇವೆ.