ಲಾಭದ ಲೆಕ್ಕ, ಧರ್ಮದ ಲೆಕ್ಕ

ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ ಹಗರೆಯೆಂಬ ಊರುಂಟು. ಇಂತಹ ಊರುಗಳಲ್ಲಿ ವರ್ತಕನ ನಡತೆಯನ್ನು ಅಳೆಯಲು ಹಿಂದೆ ಕಾಯಿದೆಯ ಪುಸ್ತಕವು ಬೇಕಾಗುತ್ತಿರಲಿಲ್ಲ. ತೂಕದಲ್ಲಿ ಮೋಸಮಾಡಿದವನ ಹೆಸರು ಸಂತೆ ಕಳೆಯುವುದರೊಳಗೆ ಊರಿಗೆಲ್ಲ ತಿಳಿದುಹೋಗುತ್ತಿದ್ದಿತು. ಈಗಲಾದರೋ ನಮ್ಮ ಮನೆಯ ಸಾಬೂನು, ಎಣ್ಣೆ, ಹೊಲದ ಗೊಬ್ಬರಗಳನ್ನು ತಯಾರಿಸುವವರು ಕಣ್ಣಿಗೆ ಕಾಣದ ದೊಡ್ಡ ಕಂಪೆನಿಗಳವರು. ಅವರ ಧರ್ಮಾಧರ್ಮಗಳನ್ನು ವಿಚಾರಿಸುವವರಾರು?

ಇದಕ್ಕೆಂದೇ 2013ರ ಕಂಪೆನಿ ಕಾಯಿದೆಯಲ್ಲಿ ಒಂದು ನಿಯಮವು ಸೇರಿತು. 2014ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂದಿತು. ದೊಡ್ಡ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ 2ರಷ್ಟನ್ನು ಲೋಕಹಿತಕ್ಕಾಗಿ ವ್ಯಯಮಾಡತಕ್ಕದ್ದು. ಶಾಲೆ, ಆರೋಗ್ಯ, ಕುಡಿಯುವ ನೀರುಗಳಿಗೂ, ಹಳೇಬೀಡಿನಂತಹ ಪುರಾತನ ಸ್ಥಳಗಳ ರಕ್ಷಣೆಗೂ ಈ ಹಣವು ಸಲ್ಲಬಹುದು. ಮೊದಮೊದಲು ವ್ಯಯಮಾಡದವರು ಕಾರಣವನ್ನು ಬರೆದು ತಿಳಿಸಿದರೆ ಸಾಕಾಗಿದ್ದಿತು. 2021ರಿಂದೀಚೆಗೆ ಉಳಿದ ಹಣವನ್ನು ಗೊತ್ತುಮಾಡಿದ ನಿಧಿಗೋ ಪ್ರತ್ಯೇಕ ಖಾತೆಗೋ ಕಟ್ಟಲೇಬೇಕಾಯಿತು.

ಇದು ಒಳ್ಳೆಯದೇ. ಆದರೆ ಸ್ವಂತ ಕೆಲಸಗಾರರಿಗೆ ಮಾತ್ರ ಉಪಯೋಗವಾಗುವ ವೆಚ್ಚವನ್ನು ಈ ಲೆಕ್ಕಕ್ಕೆ ಸೇರಿಸಕೂಡದೆಂದು ನಿಯಮವೇ ವಿಧಿಸಿರುವುದನ್ನು ವಾಚಕರು ಗಮನಿಸಬೇಕು. ನ್ಯಾಯವಾದ ಕೂಲಿ, ಸರಿಯಾದ ತೂಕ, ಕೆರೆಗೆ ವಿಷವನ್ನು ಹರಿಯಬಿಡದಿರುವುದು, ಇವು ದಾನವಲ್ಲ, ತೀರಿಸಬೇಕಾದ ಋಣ. ಕಾಯಕವು ಶುದ್ಧವಾಗಿದ್ದರೆ ಮಾತ್ರ ದಾಸೋಹಕ್ಕೆ ಬೆಲೆಯೆಂಬುದು ನಮ್ಮ ಶರಣರ ನಿಲುವು.

ಕಂಪೆನಿಯೊಂದು ಊರಿನ ಶಾಲೆಗೆ ಬೆಂಚುಗಳನ್ನು ಕೊಟ್ಟರೆ ಸಂತೋಷಪಡೋಣ. ಆದರೆ ಆ 2 ರೂಪಾಯಿಯನ್ನು ಹೊಗಳುವ ಮುನ್ನ ಉಳಿದ 98 ರೂಪಾಯಿ ಹೇಗೆ ಬಂದಿತೆಂದು ಕೇಳುವುದನ್ನು ನಾವೂ ಕಲಿಯೋಣ, ನಮ್ಮ ಮಕ್ಕಳಿಗೂ ಕಲಿಸೋಣ.