ಅಯೋಡಿನ್ ಮಾತ್ರೆ ಕೊಬ್ಬು ಕರಗಿಸುತ್ತದೆಯೇ?

‘ಬಿ12, ಅಯೋಡಿನ್ ಮಾತ್ರೆ ತಗೊಳ್ಳಿ, ಚಯಾಪಚಯ ಚುರುಕಾಗಿ ಕೊಬ್ಬು ಕರಗುತ್ತದೆ’ ಎಂಬಂಥ ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ ಅರ್ಧ ಮಾತ್ರ ನಿಜ.

ತಿಂದ ಆಹಾರವನ್ನು ಶಕ್ತಿಯಾಗಿಸಲು ಬಿ ಗುಂಪಿನ ವಿಟಮಿನ್‌ಗಳು ನೆರವಾಗುತ್ತವೆ. ಆ ಕೆಲಸದ ವೇಗವನ್ನು ಹೆಚ್ಚಾಗಿ ನಿಯಂತ್ರಿಸುವುದು ಥೈರಾಯ್ಡ್ ಹಾರ್ಮೋನು. ಅದು ತಯಾರಾಗಲು ಅಯೋಡಿನ್ ಬೇಕೇ ಬೇಕು. ತೀವ್ರ ಕೊರತೆಯಾದರೆ ಸುಸ್ತು, ಚಳಿ, ತೂಕ ಏರಿಕೆ ಕಾಣಿಸಬಹುದು. ಆದರೆ ಕೊರತೆ ಇಲ್ಲದವರು ಹೆಚ್ಚುವರಿ ಮಾತ್ರೆ ನುಂಗಿದರೆ ಕೊಬ್ಬು ಕರಗುವುದಿಲ್ಲ. ಅತಿಯಾದ ಅಯೋಡಿನ್ ಥೈರಾಯ್ಡ್ ಗ್ರಂಥಿಯನ್ನೇ ಕೆಡಿಸಬಹುದು.

ಚಿಕ್ಕಮಗಳೂರಿಗೆ ಇದು ದೂರದ ವಿಷಯವಲ್ಲ. ರಾಜ್ಯದಲ್ಲಿ ಗಳಗಂಡ ಹೆಚ್ಚಾಗಿ ಕಂಡುಬಂದ ಜಿಲ್ಲೆಗಳಲ್ಲಿ ಇದೂ ಒಂದು. ಮೂಡಿಗೆರೆ, ಕಳಸದಂಥ ಗುಡ್ಡಗಾಡಿನಲ್ಲಿ ಜಡಿಮಳೆಗೆ ಮಣ್ಣಿನ ಅಯೋಡಿನ್ ಕೊಚ್ಚಿಹೋಗುತ್ತದೆ. ಅಂಥ ಮಣ್ಣಿನಲ್ಲಿ ಬೆಳೆದ ಅಕ್ಕಿ, ತರಕಾರಿಯಲ್ಲೂ ಅದು ಕಡಿಮೆ. ದೇಶದ ಇಂಥ ಪ್ರದೇಶಗಳಿಗಾಗಿಯೇ 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಉಪ್ಪಿಗೆ ಅಯೋಡಿನ್ ಸೇರಿತು.

ವಯಸ್ಕರಿಗೆ ದಿನಕ್ಕೆ ಬೇಕಿರುವುದು 150 ಮೈಕ್ರೋಗ್ರಾಂ, ಗರ್ಭಿಣಿಯರಿಗೆ ಇನ್ನಷ್ಟು. ಹಾಗಾಗಿ ‘ನೈಸರ್ಗಿಕ’ ಎಂಬ ಮಾತು ನಂಬಿ ಅಯೋಡಿನ್ ಇಲ್ಲದ ಕಲ್ಲುಪ್ಪಿಗೆ ಮರಳಬೇಡಿ. ಹಾಗೆಂದು ಉಪ್ಪು ಹೆಚ್ಚಿಸಲೂಬೇಡಿ. ಮೀನು, ಹಾಲು, ಮೊಟ್ಟೆಯಲ್ಲೂ ಅಯೋಡಿನ್ ಸಿಗುತ್ತದೆ.

ಕಾರಣವಿಲ್ಲದೆ ತೂಕ ಏರುತ್ತಿದ್ದರೆ, ಕುತ್ತಿಗೆ ಊದಿದ್ದರೆ ಮಾತ್ರೆ ಕೊಳ್ಳುವ ಮೊದಲು ವೈದ್ಯರನ್ನು ಕಂಡು ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಿ.